ಪಾತ್ರಕ್ಕೆ ‘ಒಳ್ಳೆಯವ’, ‘ಕೆಟ್ಟವ’ ಎಂಬ ಚೀಟಿ ಬೇಕೆ? ಆಟದ ಅಲೈನ್‌ಮೆಂಟ್ ಎಷ್ಟರ ಮಟ್ಟಿಗೆ ಉಪಯೋಗ

ವಸ್ತಾರೆ ಕಡೆ ಯಾರ ಮುಂದಾದರೂ ‘ಅಲೈನ್‌ಮೆಂಟ್’ ಎಂದರೆ ಮೊದಲು ನೆನಪಾಗುವುದು ಜೀಪಿನ ಚಕ್ರ. ತೋಟದ ರಸ್ತೆಯ ಗುಂಡಿಗಳಲ್ಲಿ ಒಂದು ಮಳೆಗಾಲ ಓಡಾಡಿದ ಮೇಲೆ ಗಾಡಿ ಒಂದೇ ಪಕ್ಕಕ್ಕೆ ಎಳೆಯಲು ಶುರುಮಾಡುತ್ತದೆ, ಚಿಕ್ಕಮಗಳೂರಿಗೆ ಒಯ್ದು ಸರಿಮಾಡಿಸಬೇಕಾಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲೂ ಇದೇ ಪದವಿದೆ. ಅಲ್ಲಿ ಅದು ಪಾತ್ರದ ಮನಸ್ಸು ಯಾವ ಕಡೆಗೆ ಎಳೆಯುತ್ತದೆ ಎಂಬುದನ್ನು ಎರಡು ಪದಗಳಲ್ಲಿ ಬರೆದಿಡುವ ಚೀಟಿ.

ಈ ಆಟ ನೋಡದವರಿಗೆ ಒಂದು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಎದುರಿಗೆ ಬಂದ ಸನ್ನಿವೇಶದಲ್ಲಿ ತಾವು ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳುತ್ತಾರೆ. ಫಲಿತಾಂಶ ಅನುಮಾನವಿದ್ದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಪ್ರತಿಯೊಬ್ಬರ ಬಳಿಯೂ ಪಾತ್ರದ ವಿವರ ಬರೆದ ಹಾಳೆ ಇರುತ್ತದೆ. ಅದರಲ್ಲಿ ಶಕ್ತಿ, ಆಯುಧಗಳ ಜೊತೆಗೆ ಅಲೈನ್‌ಮೆಂಟಿಗೂ ಒಂದು ಖಾನೆ.

ಆ ಖಾನೆಯಲ್ಲಿ ಏನು ಬರೆಯಬಹುದು? ಒಂದು ದಿಕ್ಕಿನಲ್ಲಿ ಒಳ್ಳೆಯ, ತಟಸ್ಥ, ಕೆಟ್ಟ. ಇನ್ನೊಂದು ದಿಕ್ಕಿನಲ್ಲಿ ನಿಯಮಬದ್ಧ, ತಟಸ್ಥ, ಸ್ವಚ್ಛಂದ. ಮೂರು ಮೂರಲ ಒಂಬತ್ತು ಮನೆ. ಮಾತು ತಪ್ಪದ ನ್ಯಾಯವಂತ ‘ನಿಯಮಬದ್ಧ ಒಳ್ಳೆಯವ’. ಕಾನೂನು ಮುರಿದು ಬಡವರಿಗೆ ಹಂಚುವವ ‘ಸ್ವಚ್ಛಂದ ಒಳ್ಳೆಯವ’. ಕಾಗದಪತ್ರವನ್ನೆಲ್ಲ ಸರಿಯಾಗಿಟ್ಟುಕೊಂಡು ಜನರನ್ನು ಹಿಂಡುವವ ‘ನಿಯಮಬದ್ಧ ಕೆಟ್ಟವ’.

ಇದರ ಬಗ್ಗೆ ಎರಡು ನಂಬಿಕೆಗಳಿವೆ, ಎರಡೂ ಅಷ್ಟೇ ಗಟ್ಟಿ. ಖಾನೆ ತುಂಬಿದರೆ ಪಾತ್ರ ಏನು ಮಾಡುತ್ತದೆ ಎಂದು ಗೊತ್ತಾದಂತೆ ಎಂಬುದು ಒಂದು. ಇದು ಹಳೇ ಕಾಲದ ಕಸ, ತೆಗೆದೆಸೆಯಬೇಕು ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಆತುರದ ತೀರ್ಮಾನ. ಯಾಕೆಂದು ತಿಳಿಯಲು ಈ ಚೀಟಿ ಎಲ್ಲಿಂದ ಬಂತು ಎಂದು ನೋಡಬೇಕು.

ಹುಟ್ಟಿದ್ದು ಸೈನ್ಯದ ಪಟ್ಟಿಯಲ್ಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 1971ರಲ್ಲಿ, ಗೈಗ್ಯಾಕ್ಸ್ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಪುಸ್ತಕದಲ್ಲಿ ಸಹಲೇಖಕರಾಗಿದ್ದರು. ಸಣ್ಣ ಸಣ್ಣ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಆಡುವ ಆಟ ಅದು. ಅದರ ಕಾಲ್ಪನಿಕ ಲೋಕದ ಭಾಗದಲ್ಲಿ ಯಾವ ಜೀವಿ ‘ನಿಯಮ’ದ ಪಕ್ಷ, ಯಾವುದು ‘ಅವ್ಯವಸ್ಥೆ’ಯ ಪಕ್ಷ, ಯಾವುದು ಎರಡೂ ಅಲ್ಲ ಎಂಬ ಪಟ್ಟಿ ಇತ್ತು. ಎಷ್ಟೆಂದರೂ ಸೈನ್ಯ ಕಟ್ಟುವಾಗ ಯಾರು ಯಾರ ಜೊತೆ ನಿಲ್ಲುತ್ತಾರೆ ಎಂದು ಗೊತ್ತಿರಬೇಕಲ್ಲ! ನಿಯಮ ಮತ್ತು ಅವ್ಯವಸ್ಥೆಯ ಕಾದಾಟ ಎಂಬ ಕಲ್ಪನೆ ಪೋಲ್ ಆ್ಯಂಡರ್ಸನ್ ಮತ್ತು ಮೈಕೆಲ್ ಮೂರ್ಕಾಕ್ ಎಂಬ ಲೇಖಕರ ಕಾದಂಬರಿಗಳಿಂದ ಬಂದದ್ದು.

1974ರ ಆಟದಲ್ಲೂ ಇದೇ ಮೂರು ಇದ್ದವು: ನಿಯಮ, ತಟಸ್ಥ, ಅವ್ಯವಸ್ಥೆ. ಒಳ್ಳೆಯ–ಕೆಟ್ಟ ಎಂಬ ಎರಡನೆಯ ದಿಕ್ಕನ್ನು ಗೈಗ್ಯಾಕ್ಸ್ ಫೆಬ್ರವರಿ 1976ರ ಒಂದು ಲೇಖನದಲ್ಲಿ ವಿವರಿಸಿದರು. 1977ರ ಪೆಟ್ಟಿಗೆಯಲ್ಲಿ ಐದು ಮನೆಗಳಾದವು, 1978ರ ಆಟಗಾರರ ಕೈಪಿಡಿಯಲ್ಲಿ ಒಂಬತ್ತು. ಆಗ ನಿಯಮ ಬಿಗಿಯಾಗಿತ್ತು. ಪಾತ್ರ ತನ್ನ ಮನೆಯಿಂದ ಜಾರಿದರೆ ಗಳಿಸಿದ ಒಂದು ಮಟ್ಟವನ್ನೇ ಕಳೆದುಕೊಳ್ಳುತ್ತಿತ್ತು. ಪ್ಯಾಲಡಿನ್ ಎಂಬ ಧರ್ಮಯೋಧನಂತೂ ‘ನಿಯಮಬದ್ಧ ಒಳ್ಳೆಯವ’ನೇ ಆಗಿರಬೇಕಿತ್ತು, ತಪ್ಪಿದರೆ ಅವನ ವಿಶೇಷ ಶಕ್ತಿಗಳು ಹೋಗುತ್ತಿದ್ದವು. 2008ರ ನಾಲ್ಕನೇ ಆವೃತ್ತಿ ಒಂಬತ್ತನ್ನು ಐದಕ್ಕೆ ಇಳಿಸಿತು. 2014ರ ಐದನೇ ಆವೃತ್ತಿ ಒಂಬತ್ತನ್ನು ವಾಪಸ್ ತಂದರೂ ಶಿಕ್ಷೆಗಳನ್ನು ಬಹುಪಾಲು ಕೈಬಿಟ್ಟಿತು.

ಅಂದರೆ ಒಂದೇ ಖಾನೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ನೀನು ಯಾರ ಪಕ್ಷ? ನಿನ್ನ ಸ್ವಭಾವ ಎಂಥದ್ದು? ನೀನು ಮಾಡುವುದು ಸರಿಯೋ ತಪ್ಪೋ? ಅಲೈನ್‌ಮೆಂಟ್ ಬಗ್ಗೆ ಮೇಜಿನ ಮೇಲೆ ಜಗಳವಾದಾಗ ಸಾಮಾನ್ಯವಾಗಿ ಒಬ್ಬರು ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ, ಇನ್ನೊಬ್ಬರು ಮೂರನೆಯದಕ್ಕೆ.

ಯಕ್ಷಗಾನದ ಬಣ್ಣ ಹೇಳುವುದೇನು

ಈ ಮೂರು ಪ್ರಶ್ನೆಗಳನ್ನು ಬಿಡಿಸಿಟ್ಟ ಒಂದು ಪದ್ಧತಿ ನಮ್ಮ ಪಕ್ಕದಲ್ಲೇ ಇದೆ. ದೀಪಾವಳಿಯ ಹೊತ್ತಿಗೆ ತಿರುಗಾಟ ಹೊರಡುವ ಯಕ್ಷಗಾನ ಮೇಳಗಳು ಘಟ್ಟದ ಮೇಲೂ ಬರುತ್ತವೆ. ಕಳಸ, ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದ ಕ್ಷಣವೇ, ಬಾಯಿ ತೆರೆಯುವ ಮುಂಚೆಯೇ, ಅದು ಎಂಥ ಪಾತ್ರ ಎಂದು ಗೊತ್ತಾಗುತ್ತದೆ. ಕಿರೀಟ ಹೊತ್ತದ್ದು ರಾಜವೇಷ. ಅಭಿಮನ್ಯು, ಬಭ್ರುವಾಹನರಂಥ ಹರೆಯದ ವೀರರದ್ದು ಪುಂಡುವೇಷ. ಮುಖದ ತುಂಬ ದಪ್ಪ ಬಣ್ಣ, ತೆಂಕುತಿಟ್ಟಿನಲ್ಲಾದರೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟದ್ದು ಬಣ್ಣದ ವೇಷ. ಅದರೊಳಗೇ ಮತ್ತೆ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂಬ ವಿಂಗಡಣೆ. ರಾಜಗಾಂಭೀರ್ಯದ ರಾಕ್ಷಸ ಬೇರೆ, ಕಾಡು ರಾಕ್ಷಸ ಬೇರೆ. ಒಂಬತ್ತು ಮನೆಯ ಪಟ್ಟಿ ನೋಡಿದವರಿಗೆ ನಿಯಮಬದ್ಧ ಕೆಟ್ಟವ ಮತ್ತು ಸ್ವಚ್ಛಂದ ಕೆಟ್ಟವ ನೆನಪಾದರೆ ಆಶ್ಚರ್ಯವಿಲ್ಲ.

ಆದರೆ ಅಲ್ಲಿಗೇ ಹೋಲಿಕೆ ಮುಗಿಸಿದರೆ ಸ್ವಾರಸ್ಯವೇ ತಪ್ಪಿಹೋಗುತ್ತದೆ. ಕೌರವ ಕಿರೀಟ ಹೊತ್ತು ರಾಜಗಾಂಭೀರ್ಯದಲ್ಲೇ ಬರುತ್ತಾನೆ, ಅವನ ಮುಖಕ್ಕೆ ಯಾರೂ ರಾಕ್ಷಸನ ಬಣ್ಣ ಬಳಿಯುವುದಿಲ್ಲ. ಪಾಂಡವರಿಗಾಗಿ ಪ್ರಾಣ ಕೊಡುವ ಘಟೋತ್ಕಚನದ್ದು ಬಣ್ಣದ ವೇಷ. ಹಾಗಾದರೆ ಬಣ್ಣ ಪಕ್ಷವನ್ನೂ ಹೇಳುವುದಿಲ್ಲ, ಸರಿ–ತಪ್ಪನ್ನೂ ಹೇಳುವುದಿಲ್ಲ. ಅದು ಹೇಳುವುದು ಸ್ವಭಾವ ಮತ್ತು ಅಂತಸ್ತು: ಈ ಪಾತ್ರದ ನಡಿಗೆ ಎಂಥದ್ದು, ಅಬ್ಬರ ಎಷ್ಟು, ಸಿಟ್ಟು ಹೇಗೆ ಬರುತ್ತದೆ. ಸಂಸ್ಕೃತ ನಾಟ್ಯಶಾಸ್ತ್ರದ ನಾಯಕರ ವಿಂಗಡಣೆಯೂ ಹೀಗೆಯೇ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂಬ ನಾಲ್ವರೂ ಧೀರರೇ, ಮನೋಧರ್ಮ ಮಾತ್ರ ಬೇರೆ.

ದೀಪದ ಬೆಳಕಿನಲ್ಲಿ, ದೂರದಿಂದ, ರಾತ್ರಿಯಿಡೀ ನೋಡುವವರಿಗೆ ಇಂಥ ಗುರುತು ಬೇಕೇ ಬೇಕು. ಮೇಜಿನ ಆಟದಲ್ಲೂ ಕಥೆ ನಡೆಸುವವರಿಗೆ ಇದೇ ಕಷ್ಟ. ಒಂದು ಸಂಜೆಯಲ್ಲಿ ಹತ್ತು ಹನ್ನೆರಡು ಅಪರಿಚಿತ ಪಾತ್ರಗಳಿಗೆ ಅವರೊಬ್ಬರೇ ಬಾಯಾಗಬೇಕು. ಹೆಂಡದಂಗಡಿಯವ, ಗಡಿ ಕಾವಲಿನವ, ದಾರಿಯಲ್ಲಿ ಸಿಕ್ಕ ಸನ್ಯಾಸಿ. ಪ್ರತಿಯೊಬ್ಬರಿಗೂ ಜೀವನಚರಿತ್ರೆ ಬರೆದಿಡಲು ಆಗುವುದಿಲ್ಲ. ‘ತಟಸ್ಥ, ನಿಯಮಬದ್ಧ’ ಎಂದು ಎರಡು ಪದ ಬರೆದುಕೊಂಡಿದ್ದರೆ ಕಾವಲಿನವ ಲಂಚ ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಥಟ್ಟನೆ ನಿರ್ಧರಿಸಬಹುದು. ಅಲೈನ್‌ಮೆಂಟಿನ ಅತ್ಯಂತ ಖಚಿತವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಆಟಗಾರರ ಮುಖ್ಯ ಪಾತ್ರಗಳಿಗಿಂತ, ಐದು ನಿಮಿಷ ಬಂದು ಹೋಗುವ ಸಣ್ಣ ಪಾತ್ರಗಳಿಗೆ ಅದು ಹೆಚ್ಚು ಹೊಂದುತ್ತದೆ.

ಬಣ್ಣ ತೆಗೆದ ಮೇಲೆ: ತಾಳಮದ್ದಳೆ

ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಂಚೆ ಅಂಗಿಯಲ್ಲಿ ಕೂತ ಅರ್ಥಧಾರಿಗಳು ಆ ಪದ್ಯದ ಮೇಲೆ ತಮ್ಮ ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಕಥೆ ನಡೆಸುವವರೊಬ್ಬರು, ಕೂತಲ್ಲೇ ಪಾತ್ರವಾಗುವವರು ನಾಲ್ಕೈದು ಜನ. ದಾಳವೊಂದನ್ನು ಬಿಟ್ಟರೆ ಮೇಜಿನ ಆಟಕ್ಕೆ ಇದಕ್ಕಿಂತ ಹತ್ತಿರದ ಕಲೆ ನನಗೆ ಕಾಣುವುದಿಲ್ಲ. (ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ ಎಂಬುದು ದೊಡ್ಡ ವ್ಯತ್ಯಾಸ, ಒಪ್ಪುತ್ತೇನೆ.)

ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಆಟದ ಭಾಷೆಯಲ್ಲಿ ಹೇಳುವುದಾದರೆ ರಾಮನಿಗಿಂತ ಸ್ಪಷ್ಟವಾದ ನಿಯಮಬದ್ಧ ಒಳ್ಳೆಯವ ಸಿಗುವುದು ಕಷ್ಟ. ಅಂಥವನು ಮರೆಯಲ್ಲಿ ನಿಂತು, ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನ ಮೇಲೆ ಬಾಣ ಬಿಟ್ಟಿದ್ದಾನೆ. ಬಿದ್ದಿರುವ ವಾಲಿ ಕೇಳುತ್ತಾನೆ, ಇದು ಯಾವ ಧರ್ಮ? ರಾಮನ ಪಾತ್ರಧಾರಿ ‘ನಾನು ಧರ್ಮಾತ್ಮ, ಆದ್ದರಿಂದ ನಾನು ಮಾಡಿದ್ದು ಧರ್ಮ’ ಎಂದು ಹೇಳಿ ಕೂತರೆ ಸಭೆ ನಗುತ್ತದೆ. ಅವನು ವಾದಿಸಬೇಕು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದನ್ನು ಎತ್ತಬೇಕು, ರಾಜಧರ್ಮ ಹೇಳಬೇಕು, ಸುಗ್ರೀವನಿಗೆ ಕೊಟ್ಟ ಮಾತು ನೆನಪಿಸಬೇಕು. ವಾಲಿ ಪ್ರತಿಯೊಂದಕ್ಕೂ ಮರುಪ್ರಶ್ನೆ ಹಾಕುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳನ್ನು ಜನ ಇಂದಿಗೂ ನೆನೆಯುವುದು ಇಂಥ ಪಾತ್ರಗಳ ಮಾತುಗಾರಿಕೆಗಾಗಿ. ಪುರಾಣ ಕೆಟ್ಟವರ ಸಾಲಿಗೆ ಸೇರಿಸಿದ ಪಾತ್ರದ ಬಾಯಲ್ಲಿ ತೂಕದ ಪ್ರಶ್ನೆಗಳು ಬಂದಾಗ ಕೇಳುಗರು ಎದ್ದು ಕೂರುತ್ತಾರೆ.

ಇಲ್ಲಿ ಪಾತ್ರದ ನಿಲುವು ಮೊದಲೇ ನಿಗದಿಯಾಗಿದೆ, ಸಮರ್ಥನೆ ನಿಗದಿಯಾಗಿಲ್ಲ. ಮೇಜಿನ ಆಟದಲ್ಲೂ ಅಲೈನ್‌ಮೆಂಟ್ ಕೆಲಸಕ್ಕೆ ಬರುವುದು ಹೀಗೆ ಬಳಸಿದಾಗ. ಅದು ವಾದ ಶುರುವಾಗುವ ಜಾಗ. ಅದನ್ನೇ ವಾದ ಮುಗಿಸುವ ಮಾತಾಗಿ ಬಳಸಿದರೆ ಆಟ ಅಲ್ಲೇ ಸಾಯುತ್ತದೆ. ಜೊತೆಗಾರರ ಹಣ ಕದ್ದು ‘ಏನ್ ಮಾಡೋದು, ನನ್ನ ಪಾತ್ರವೇ ಹಾಗೆ’ ಎಂದು ಭುಜ ಕುಣಿಸುವ ಆಟಗಾರ ಎಲ್ಲ ಮೇಜಿನಲ್ಲೂ ಒಬ್ಬನಿರುತ್ತಾನೆ. ಪಾತ್ರವನ್ನು ಹಾಗೆ ಮಾಡಿದ್ದು ಅವನೇ ಎಂಬುದನ್ನು ಚೀಟಿ ಮುಚ್ಚಿಡುತ್ತದೆ.

ನಿಜವಾದ ಮನುಷ್ಯರು ಒಂದೇ ಮನೆಯಲ್ಲಿ ಇರುತ್ತಾರೆಯೆ?

ಇದು ಮನೋವಿಜ್ಞಾನದ ಹಳೆಯ ಪ್ರಶ್ನೆ. 1920ರ ದಶಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಸಂಶೋಧಕರು ಅಮೆರಿಕದ ಸಾವಿರಾರು ಮಕ್ಕಳಿಗೆ ಸುಳ್ಳು ಹೇಳಲು, ನಕಲು ಮಾಡಲು, ಸಣ್ಣ ಹಣ ಎತ್ತಲು ಅವಕಾಶವಿರುವ ಬೇರೆ ಬೇರೆ ಸಂದರ್ಭಗಳನ್ನು ಒಡ್ಡಿ ನೋಡಿದರು. 1928ರಲ್ಲಿ ಪ್ರಕಟವಾದ ಫಲಿತಾಂಶ ಹಲವರಿಗೆ ಇಷ್ಟವಾಗಲಿಲ್ಲ. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೇ ಇರುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. 1968ರಲ್ಲಿ ವಾಲ್ಟರ್ ಮಿಶೆಲ್ ಇಂಥ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಸ್ವಭಾವದ ಅಳತೆಗೂ ಒಂದು ನಿರ್ದಿಷ್ಟ ಸನ್ನಿವೇಶದ ನಡವಳಿಕೆಗೂ ಇರುವ ಸಹಸಂಬಂಧ 0.30ನ್ನು ದಾಟುವುದು ಅಪರೂಪ ಎಂದರು. ಪೂರ್ತಿ ಸಂಬಂಧವಿದ್ದರೆ ಆ ಸಂಖ್ಯೆ 1 ಆಗುತ್ತದೆ, ಏನೂ ಸಂಬಂಧವಿಲ್ಲದಿದ್ದರೆ 0.

ಹಾಗೆಂದು ಸ್ವಭಾವ ಎಂಬುದೇ ಇಲ್ಲ ಎಂದಲ್ಲ. 1979ರಲ್ಲಿ ಸೀಮೋರ್ ಎಪ್‌ಸ್ಟೈನ್ ತೋರಿಸಿದಂತೆ, ಒಬ್ಬರ ನಡವಳಿಕೆಯನ್ನು ಹಲವು ದಿನ ಗಮನಿಸಿ ಸರಾಸರಿ ತೆಗೆದರೆ ಸ್ವಭಾವ ಚೆನ್ನಾಗಿಯೇ ಕಾಣುತ್ತದೆ. ಒಂದು ವರ್ಷದ ಮಳೆಯ ಅಂದಾಜು ಹೇಳಬಹುದು, ನಾಳೆ ಮೂರು ಗಂಟೆಗೆ ಬರುತ್ತದೋ ಇಲ್ಲವೋ ಹೇಳುವುದು ಕಷ್ಟ. ಅಲೈನ್‌ಮೆಂಟ್ ಅಂಥ ಸರಾಸರಿ. ಅದನ್ನು ಹಿಡಿದುಕೊಂಡು ‘ನೀನು ಒಳ್ಳೆಯವ, ಈಗ ಸುಳ್ಳು ಹೇಳುವ ಹಾಗಿಲ್ಲ’ ಎಂದು ಆಟಗಾರರನ್ನು ತಡೆಯುವುದು ಮನುಷ್ಯಸ್ವಭಾವಕ್ಕೂ ಹೊಂದುವುದಿಲ್ಲ.

ಇಲ್ಲೇ ಇನ್ನೊಂದು ಭಯವನ್ನೂ ನೋಡಿಬಿಡೋಣ. ಕೆಟ್ಟ ಪಾತ್ರ ಆಡಿದರೆ ಮಕ್ಕಳು ಕೆಡುತ್ತಾರೆ ಎಂಬ ಗದ್ದಲ 1980ರ ದಶಕದ ಅಮೆರಿಕದಲ್ಲಿ ಜೋರಾಗಿತ್ತು, ಆಟವನ್ನು ಸೈತಾನನ ಪೂಜೆ ಎಂದವರೂ ಇದ್ದರು. ಆ ಆರೋಪಕ್ಕೆ ಪುರಾವೆ ಸಿಗಲಿಲ್ಲ. ಹೀಗೆ ಅನ್ನಿಸುವುದು ಯಾಕೆ ಎಂಬುದಕ್ಕೆ ಮಾತ್ರ ಒಳ್ಳೆಯ ಪ್ರಯೋಗವಿದೆ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್, ಕ್ಯೂಬಾದ ಕ್ಯಾಸ್ಟ್ರೊ ಪರ ಮತ್ತು ವಿರುದ್ಧ ಬರೆದ ಪ್ರಬಂಧಗಳನ್ನು ಓದಿಸಿದರು. ಯಾವ ಪಕ್ಷ ಬರೆಯಬೇಕೆಂದು ಬರೆದವರಿಗೆ ಬೇರೆಯವರು ಹೇಳಿದ್ದು ಎಂದು ತಿಳಿಸಿದ ಮೇಲೂ, ಪರವಾಗಿ ಬರೆದವರು ಸ್ವಲ್ಪಮಟ್ಟಿಗಾದರೂ ನಿಜಕ್ಕೂ ಪರವೇ ಇರಬೇಕು ಎಂದು ಓದಿದವರು ಅಂದುಕೊಂಡರು. ಆಡಿದ ಮಾತನ್ನು ಆಡಿದವರ ಮನಸ್ಸಿಗೆ ಅಂಟಿಸುವ ಚಾಳಿ ನಮಗೆ ಅಷ್ಟಿದೆ. ಯಕ್ಷಗಾನದ ಊರುಗಳಲ್ಲಿ ಮಾತ್ರ ಕೌರವನ ಅರ್ಥ ಹೇಳಿದವರಿಗೆ ಬೆಳಿಗ್ಗೆ ಮನೆಯಲ್ಲಿ ಕಾಫಿ ಕೊಟ್ಟೇ ಕಳಿಸುತ್ತಾರೆ.

ಅರ್ಧ ಮೂಟೆ ಕಾಳುಮೆಣಸು

ಒಂದು ಊಹೆಯ ಆಟ. ವಸ್ತಾರೆಯ ಒಂದು ಜಗಲಿ, ಜುಲೈ ತಿಂಗಳು, ಕರೆಂಟ್ ಇಲ್ಲ. ಕಥೆ ನಡೆಯುವುದೂ ಕಾಫಿ ತೋಟದಲ್ಲೇ. ನಿಮ್ಮ ಪಾತ್ರ ತೋಟದ ರೈಟರ್. ಹಾಳೆಯಲ್ಲಿ ‘ನಿಯಮಬದ್ಧ ಒಳ್ಳೆಯವ’ ಎಂದು ಬರೆದಿದ್ದೀರಿ. ರಾತ್ರಿ ಕಣದ ಬಳಿ ಒಬ್ಬ ಆಳು ಅರ್ಧ ಮೂಟೆ ಕಾಳುಮೆಣಸು ಹೊತ್ತು ಹೋಗುತ್ತಿದ್ದಾನೆ. ಮಗುವಿಗೆ ಜ್ವರ, ಔಷಧಿಗೆ ಹಣವಿಲ್ಲ, ಮೂರು ವಾರದಿಂದ ಬಟವಾಡೆ ಆಗಿಲ್ಲ.

ಈಗ ಖಾನೆ ಏನು ಹೇಳುತ್ತದೆ? ನಿಯಮ ಹಿಡಿದು ಕೊಡು ಎನ್ನುತ್ತದೆ, ಒಳ್ಳೆಯತನ ಬಿಟ್ಟುಬಿಡು ಎನ್ನುತ್ತದೆ. ಒಬ್ಬ ಆಟಗಾರ್ತಿ ಮೂಟೆ ವಾಪಸ್ ಇಡಿಸಿ, ತನ್ನ ಜೇಬಿನಿಂದ ಔಷಧಿ ತರಿಸಿ, ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ. ಇನ್ನೊಬ್ಬ ಎಲ್ಲವನ್ನೂ ಬರೆದು, ಬೆಳಿಗ್ಗೆ ಅದೇ ಪುಸ್ತಕವನ್ನು ಸಾಹುಕಾರರ ಮುಂದಿಟ್ಟು ‘ಬಟವಾಡೆ ಮಾಡದೆ ಇದ್ದದ್ದೂ ಬರ್ದಿದೀನಿ ನೋಡಿ ಅಯ್ಯಾ’ ಎನ್ನುತ್ತಾನೆ. ಮೂರನೆಯವರಿಗೆ ನಿಯಮ ಎಂದರೆ ತೋಟದ ನಿಯಮವೋ, ಕೂಲಿ ಕಾನೂನೋ ಎಂಬ ಪ್ರಶ್ನೆಯೇ ಹೊಳೆಯುತ್ತದೆ. ಒಂದೇ ಮನೆ, ಮೂರು ನಡೆ. ಚೀಟಿ ಉತ್ತರ ಕೊಡಲಿಲ್ಲ. ಆದರೆ ಅದು ಇಲ್ಲದಿದ್ದರೆ ಬಹುಶಃ ಎಲ್ಲರೂ ‘ನಾನು ಅವನನ್ನು ಹಿಡಿಯಲು ದಾಳ ಹಾಕುತ್ತೇನೆ’ ಎಂದು ಮುಂದೆ ಹೋಗುತ್ತಿದ್ದರು. ಖಾನೆ ಅವರನ್ನು ಅರ್ಧ ನಿಮಿಷ ನಿಲ್ಲಿಸಿತು.

ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರು ಮಂದಣ್ಣನನ್ನು ಯಾವ ಮನೆಗೆ ಹಾಕಬಹುದು ಎಂದು ಪ್ರಯತ್ನಿಸಿ ನೋಡಿ. ಮೂಡಿಗೆರೆಯ ಕಾಡಿನ ಜೇನು, ಹಕ್ಕಿ, ಹಾರುವ ಓತಿಯ ಗುಟ್ಟು ಬಲ್ಲವನು, ಕಳ್ಳಭಟ್ಟಿ ಪ್ರಕರಣದಲ್ಲಿ ಸಿಕ್ಕಿಬೀಳುವವನೂ ಅವನೇ. ಪೊಲೀಸರಿಗೆ ಒಂದು ಮನೆ ಸಾಕು, ಕರ್ವಾಲೊ ಅವರಿಗೆ ಸಾಲುವುದಿಲ್ಲ.

ಇಡೀ ಜನಾಂಗಕ್ಕೆ ಒಂದೇ ಚೀಟಿ

ಇಲ್ಲಿಯವರೆಗೆ ಒಬ್ಬರು ತಮ್ಮ ಪಾತ್ರಕ್ಕೆ ತಾವೇ ಬರೆದುಕೊಳ್ಳುವ ಚೀಟಿಯ ಮಾತಾಯಿತು. ಹಳೆಯ ನಿಯಮಪುಸ್ತಕಗಳು ಅಲ್ಲಿಗೇ ನಿಲ್ಲಿಸಲಿಲ್ಲ. ಓರ್ಕ್ ಎಂಬ ಜನಾಂಗ ಕೆಟ್ಟದ್ದು, ಡ್ರೌ ಎಂಬ ಕಪ್ಪು ಮೈಬಣ್ಣದ ಜನಾಂಗ ಕೆಟ್ಟದ್ದು ಎಂದು ಹುಟ್ಟಿನ ಮೇಲೆಯೇ ಮುದ್ರೆ ಒತ್ತಿದವು. ಸೈನ್ಯದ ಪಟ್ಟಿಯ ಹಳೇ ಗುಣ ಅದು. ಎದುರು ಸಾಲಿನ ಗೊಂಬೆಗೆ ಮನಸ್ಸು ಯಾಕೆ? ಆಟ ಬೆಳೆದು ಆ ಗೊಂಬೆಗೆ ಹೆಂಡತಿ, ಮಕ್ಕಳು, ಊರು ಎಲ್ಲ ಬಂದಮೇಲೂ ಮುದ್ರೆ ಹಾಗೇ ಉಳಿಯಿತು. 2020ರ ಜೂನ್‌ನಲ್ಲಿ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್, ಈ ಚಿತ್ರಣ ನಿಜಲೋಕದ ಜನಾಂಗಗಳನ್ನು ತುಚ್ಛವಾಗಿ ಕಂಡ ರೀತಿಯನ್ನೇ ನೆನಪಿಸುತ್ತದೆ ಎಂದು ಒಪ್ಪಿ ಬದಲಾಯಿಸುವುದಾಗಿ ಹೇಳಿತು. ‘ಆಟಕ್ಕೂ ರಾಜಕೀಯ ತಂದರು’ ಎಂದು ಆಕ್ಷೇಪಿಸಿದವರು ಬಹಳ.

ನಮಗೆ ಇದು ದೂರದ ಮಾತಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಇಂಥಿಂಥ ಸಮುದಾಯಗಳಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಅಪರಾಧದ ಚಾಳಿಯವರು ಎಂದು ಸೂಚಿಸಿ, ಪೊಲೀಸರ ಬಳಿ ಹೆಸರು ಬರೆಸುವ, ಓಡಾಟ ನಿರ್ಬಂಧಿಸುವ, ಕಾವಲಿನ ವಸತಿಗಳಲ್ಲಿ ಇರಿಸುವ ಅಧಿಕಾರ ಅದರಿಂದ ಬಂತು. ಹುಬ್ಬಳ್ಳಿಯಲ್ಲಿ ಅಂಥ ವಸತಿ ಇತ್ತು, ‘ಸೆಟ್ಲ್‌ಮೆಂಟ್’ ಎಂಬ ಹೆಸರು ಆ ಪ್ರದೇಶಕ್ಕೆ ಇಂದಿಗೂ ಉಳಿದಿದೆ. ಕಾಯ್ದೆ ರದ್ದಾಗಿ ಆ ಸಮುದಾಯಗಳು ಪಟ್ಟಿಯಿಂದ ಬಿಡುಗಡೆಯಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟ್ 31ರಂದು. ಊರಲ್ಲಿ ಕಳವಾದಾಗ ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ ಎಂಬುದು ಇನ್ನೂ ಪೂರ್ತಿ ಬದಲಾಗಿಲ್ಲ. ಆಟದ ಓರ್ಕ್‌ಗೆ ನೋವಾಗುವುದಿಲ್ಲ, ನಿಜ. ಆದರೆ ‘ಅವರ ಜಾತಿಯೇ ಹಾಗೆ’ ಎಂಬ ವಾಕ್ಯವನ್ನು ಯಾರೂ ಪ್ರಶ್ನಿಸದೆ ಆಡುವ ರೂಢಿ ಮೇಜಿನ ಮೇಲೂ ಬೇಕಿಲ್ಲ, ಮಕ್ಕಳ ಜೊತೆ ಆಡುವಾಗಂತೂ ಬೇಡ.

ವಿಧಿ, ನಿಷೇಧ

ಅಲೈನ್‌ಮೆಂಟ್ ಇಲ್ಲದೆಯೂ ಒಳ್ಳೆಯ ಆಟಗಳಿವೆ. 1981ರ ‘ಕಾಲ್ ಆಫ್ ಕ್ತುಲು’ವಿನಲ್ಲಿ ಆ ಖಾನೆಯ ಬದಲು ಮಾನಸಿಕ ಸ್ಥಿಮಿತದ ಅಂಕಗಳಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದಲೇ ಕವಲೊಡೆದ ‘ಪಾಥ್‌ಫೈಂಡರ್’ 2023ರಲ್ಲಿ ಅಲೈನ್‌ಮೆಂಟನ್ನು ಪೂರ್ತಿ ತೆಗೆದು, ಅದರ ಜಾಗದಲ್ಲಿ ಎರಡು ಪಟ್ಟಿ ಇಟ್ಟಿತು: ಪಾತ್ರ ಮಾಡಲೇಬೇಕಾದ್ದು, ಎಂದಿಗೂ ಮಾಡಬಾರದ್ದು. ನಮ್ಮಲ್ಲಿ ಇದಕ್ಕೆ ವಿಧಿ–ನಿಷೇಧ ಎಂಬ ಹಳೆಯ ಜೋಡಿಪದವೇ ಇದೆ.

ಇದು ಯಾಕೆ ಹೆಚ್ಚು ಕೆಲಸ ಮಾಡುತ್ತದೆ ಎಂದು ಮಹಾಭಾರತ ಬಲ್ಲವರಿಗೆ ವಿವರಿಸಬೇಕಿಲ್ಲ. ಕರ್ಣ ಒಳ್ಳೆಯವನೋ ಕೆಟ್ಟವನೋ ಎಂದು ಎಷ್ಟು ಚರ್ಚಿಸಿದರೂ ಮುಗಿಯದು. ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ ಎಂಬ ಅವನ ವ್ರತ ಮಾತ್ರ ಸ್ಪಷ್ಟ, ಕವಚ ಕುಂಡಲ ಕೇಳಲು ಇಂದ್ರ ಬಂದಾಗ ಕಥೆ ತಿರುಗುವುದು ಆ ಒಂದು ವಾಕ್ಯದ ಮೇಲೆ. ಶಿಖಂಡಿಯ ಮೇಲೆ ಬಾಣ ಬಿಡುವುದಿಲ್ಲ ಎಂಬ ನಿಷೇಧವೇ ಭೀಷ್ಮನನ್ನು ಬೀಳಿಸುತ್ತದೆ. ಕಥೆ ನಡೆಸುವವರಿಗೆ ಇಂಥ ವಾಕ್ಯವೊಂದು ಸಿಕ್ಕರೆ ಮುಂದಿನ ವಾರದ ಸನ್ನಿವೇಶ ಅರ್ಧ ಸಿದ್ಧವಾದಂತೆ.

ನೀವು ಹೊಸದಾಗಿ ಆಡುವವರಾದರೆ ಖಾನೆಯನ್ನು ಖಾಲಿ ಬಿಡಬೇಕಿಲ್ಲ. ಎರಡು ಪದ ಬರೆಯಿರಿ, ಪೆನ್ಸಿಲಿನಲ್ಲಿ. ಅದರ ಕೆಳಗೆ ಒಂದು ವಿಧಿ, ಒಂದು ನಿಷೇಧ ಬರೆದು ಜೊತೆಯವರಿಗೆಲ್ಲ ಓದಿ ಹೇಳಿ. ರೈಟರ್ ಪಾತ್ರಕ್ಕಾದರೆ ‘ಪುಸ್ತಕದಲ್ಲಿ ಸುಳ್ಳು ಬರೆಯುವುದಿಲ್ಲ’, ‘ಹಸಿದವರನ್ನು ಪೊಲೀಸರಿಗೆ ಕೊಡುವುದಿಲ್ಲ’. ಇವೆರಡೂ ಒಂದೇ ರಾತ್ರಿ ಎದುರುಬದುರಾಗುವಂತೆ ಮಾಡುವುದು ಕಥೆ ನಡೆಸುವವರ ಕೆಲಸ. ಮೂರ್ನಾಲ್ಕು ಸಲ ಆಡಿದ ಮೇಲೆ ಪಾತ್ರ ನಡೆದುಕೊಂಡದ್ದಕ್ಕೂ ಮೇಲಿನ ಎರಡು ಪದಕ್ಕೂ ತಾಳೆಯಾಗದಿದ್ದರೆ ಪದಗಳನ್ನು ಅಳಿಸಿ ಬದಲಾಯಿಸಿ, ಪಾತ್ರವನ್ನಲ್ಲ. ಯಾಕೆ ಬದಲಾಯಿತು ಎಂದು ಜೊತೆಯವರು ಕೇಳಿದರೆ, ವಾಲಿಯ ಮುಂದೆ ನಿಂತ ರಾಮನ ಹಾಗೆ ಉತ್ತರ ಕೊಡಲು ತಯಾರಿರಿ.